45 ನಾಟ್ ವೇಗ, ಬಂದರಿನ ಹಣೆಬರಹ

ಫ್ರಾನ್ಸಿನ 'ಲ ಫಾಂಟಾಸ್ಕ್' ವರ್ಗದ ಡೆಸ್ಟ್ರಾಯರ್ ಯುದ್ಧನೌಕೆಗಳ ಮಾತು ಬಂದರೆ ಎಲ್ಲರೂ ಹೇಳೋದು ಒಂದೇ, ವೇಗ. 1935ರ ಪರೀಕ್ಷೆಯ ಓಟದಲ್ಲಿ ಅವುಗಳಲ್ಲೊಂದಾದ 'ತೆರಿಬ್ಲ್' 45 ನಾಟ್ ದಾಟಿತು. ಗಂಟೆಗೆ 83 ಕಿಲೋಮೀಟರ್! ನಮ್ಮ ಕೆಂಪು ಬಸ್ಸು ಹೈವೇಯಲ್ಲಿ ಓಡುವ ವೇಗ, 2,500 ಟನ್ನಿಗೂ ಜಾಸ್ತಿ ತೂಕದ ಹಡಗಿಗೆ. ದಾಖಲೆ ದೊಡ್ಡದೇ. ಆದರೆ ಯುದ್ಧದಲ್ಲಿ ಈ ಆರು ಹಡಗುಗಳ ಗತಿ ತೀರ್ಮಾನಿಸಿದ್ದು ವೇಗ ಅಲ್ಲ. ಯಾವುದು ಯಾವ ಬಂದರಿನಲ್ಲಿ ಸಿಕ್ಕಿಬಿತ್ತು ಅನ್ನೋದು.

1940ರ ಏಪ್ರಿಲ್‌ನಲ್ಲಿ 'ಟ್ರಿಯೋಂಫಾಂ', 'ಮಾಲ್ಯಾಂ', 'ಆಂದೋಂತಾಬ್ಲ್' ಮೂರೂ ಒಟ್ಟಿಗೆ ನಾರ್ವೆ, ಡೆನ್ಮಾರ್ಕ್ ನಡುವಿನ ಸ್ಕಾಗೆರಾಕ್ ಜಲಸಂಧಿಗೆ ನುಗ್ಗಿ ಜರ್ಮನ್ ಹಡಗುಗಳನ್ನು ಬೇಟೆಯಾಡಲು ಹೋಗಿದ್ದವು. ಎರಡು ತಿಂಗಳಲ್ಲಿ ಫ್ರಾನ್ಸ್ ಶರಣಾಯಿತು. ಫ್ರೆಂಚ್ ಹಡಗುಗಳು ಹಿಟ್ಲರ್ ಕೈ ಸೇರುತ್ತವೆ ಅನ್ನೋ ಭಯ ಬ್ರಿಟಿಷರಿಗೆ. ಜುಲೈ 3ರಂದು ಅವರು ಇಂಗ್ಲೆಂಡಿನ ಪ್ಲಿಮತ್‌ನಲ್ಲಿದ್ದ ಟ್ರಿಯೋಂಫಾಂ ಅನ್ನು ವಶಕ್ಕೆ ತಗೊಂಡರು. ಅದೇ ದಿನ ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್‌ನಲ್ಲಿ ತೆರಿಬ್ಲ್ ಬ್ರಿಟಿಷ್ ಗುಂಡುಗಳಿಂದ ತಪ್ಪಿಸಿಕೊಂಡು ದಕ್ಷಿಣ ಫ್ರಾನ್ಸಿನ ಟೂಲೋನ್ ಬಂದರಿಗೆ ಓಡಿತು.

ಸೆಪ್ಟೆಂಬರ್ 23ರಂದು ಪಶ್ಚಿಮ ಆಫ್ರಿಕಾದ ಡಾಕಾರ್‌ನಲ್ಲಿ ಇನ್ನೂ ವಿಚಿತ್ರ. ಶರಣಾಗತಿ ಒಪ್ಪದೆ ಯುದ್ಧ ಮುಂದುವರಿಸಿದ್ದ ಫ್ರೆಂಚ್ ಜನರಲ್ ಡಿ ಗಾಲ್ ಬ್ರಿಟಿಷ್ ನೌಕಾಪಡೆಯ ಜೊತೆ ಬಂದಿದ್ದರು. ಶರಣಾದ ಫ್ರೆಂಚ್ ಸರ್ಕಾರದ ಕಡೆ ಉಳಿದು ಎದುರು ನಿಂತ 'ಓದಾಸಿಯೋ'ಗೆ 'ಆಸ್ಟ್ರೇಲಿಯಾ' ಅನ್ನೋ ಕ್ರೂಸರಿನ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ) ಗುಂಡುಗಳು ಬಿದ್ದು ಬೆಂಕಿ ಹತ್ತಿತು. 80ಕ್ಕೂ ಹೆಚ್ಚು ನಾವಿಕರು ಸತ್ತರು. ಇತ್ತ ಅದರ ಜೊತೆಯದೇ ಆದ ಟ್ರಿಯೋಂಫಾಂ ಡಿ ಗಾಲ್ ಪಾಳಯ ಸೇರಿತು! ಇದನ್ನು ಸುಮ್ನೆ ದೇಶಭಕ್ತರು, ದ್ರೋಹಿಗಳು ಅಂತ ಎರಡು ಗುಂಪು ಮಾಡಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾವಿಕನನ್ನು ಕೇಳಿ ಯಾರೂ ಲಂಗರು ಹಾಕಿರಲಿಲ್ಲ, ಅಲ್ವಾ?

1942ರಲ್ಲಿ ಸ್ಕಾಗೆರಾಕ್‌ನ ಆ ಮೂರು ಜೊತೆಗಾರರನ್ನು ನೋಡಿ. ಫೆಬ್ರವರಿಯಲ್ಲಿ ಟ್ರಿಯೋಂಫಾಂ ಪೆಸಿಫಿಕ್‌ನ ನೌರು ದ್ವೀಪದಿಂದ, ಜಪಾನೀಯರು ಬರುವ ಮೊದಲೇ, ನೂರಾರು ಜನರನ್ನು ಹತ್ತಿಸಿಕೊಂಡು ಹೊರಟಿತು. ನವೆಂಬರ್ 8ರಂದು, ಫ್ರೆಂಚ್ ಹಿಡಿತದ ಮೊರಾಕೊದಲ್ಲಿ ಅಮೆರಿಕನ್ ಸೇನೆ ಇಳಿದಾಗ, ಕಾಸಾಬ್ಲಾಂಕಾದಲ್ಲಿ ಮಾಲ್ಯಾಂಗೆ ಅಮೆರಿಕನ್ ಗುಂಡು ಬಿತ್ತು. 19 ದಿನ ಕಳೆದು, ಜರ್ಮನ್ನರು ಟೂಲೋನ್‌ಗೆ ನುಗ್ಗಿದಾಗ, ಆಂದೋಂತಾಬ್ಲ್ ಅನ್ನು ಅದರ ಸಿಬ್ಬಂದಿಯೇ ಮುಳುಗಿಸಿದರು.

ಆಮೇಲೆ ಉತ್ತರ ಆಫ್ರಿಕಾದ ಫ್ರೆಂಚರು ಅಮೆರಿಕ, ಬ್ರಿಟನ್ ಕಡೆ ಸೇರಿದರು; ಗುಂಡು ಹಾರಿಸಿದ ಅಮೆರಿಕನ್ನರೇ ರಿಪೇರಿಯನ್ನೂ ಮಾಡಿಕೊಟ್ಟರು. ಫಾಂಟಾಸ್ಕ್, ತೆರಿಬ್ಲ್, ಮಾಲ್ಯಾಂ ಮೂರೂ 1943ರಲ್ಲಿ ಬಾಸ್ಟನ್‌ಗೆ ಹೋಗಿ ರಡಾರ್, ಹೊಸ ವಿಮಾನ ನಿರೋಧಕ ಗನ್ನು ಹಾಕಿಸಿಕೊಂಡು ಬಂದವು. ಹೆಸರೂ ಲಘು ಕ್ರೂಸರ್ ಅಂತಾಯಿತು. ನನ್ನ ಲೆಕ್ಕದಲ್ಲಿ ಇವು ನಿಜವಾಗಿ ಯುದ್ಧಕ್ಕೆ ತಯಾರಾದದ್ದೇ ಆಗ. ಫಾಂಟಾಸ್ಕ್, ತೆರಿಬ್ಲ್ ಕಾರ್ಸಿಕಾ ದ್ವೀಪಕ್ಕೆ ಸೈನಿಕರನ್ನು ಸಾಗಿಸಿದವು. 1944ರ ಫೆಬ್ರವರಿ 29ರ ರಾತ್ರಿ ಏಡ್ರಿಯಾಟಿಕ್ ಸಮುದ್ರದಲ್ಲಿ ತೆರಿಬ್ಲ್ ಮತ್ತು ಮಾಲ್ಯಾಂ ಒಂದು ಜರ್ಮನ್ ಬೆಂಗಾವಲು ಗುಂಪಿನ ಮೇಲೆ ಬಿದ್ದು, ಅದರ ಮುಖ್ಯ ಸರಕು ಹಡಗನ್ನೇ ಕೆಡವಿದವು. ಕತ್ತಲಲ್ಲಿ ಗುರಿ ತೋರಿಸಿದ್ದು ರಡಾರ್. ವೇಗ ಬೇಕಿತ್ತು, ನಿಜ. ಶತ್ರು ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲದ ಮೇಲೆ 45 ನಾಟ್ ಓಡಿ ಏನು ಮಾಡೋದು?

ಅದೇ ವರ್ಷದ ಕ್ರಿಸ್‌ಮಸ್ ದಿನ ನೇಪಲ್ಸ್ ಹತ್ತಿರ ಈ ಎರಡೂ ಹಡಗುಗಳು ಪರಸ್ಪರ ಡಿಕ್ಕಿ ಹೊಡೆದವು. ಮಾಲ್ಯಾಂನ ಮೂತಿಯೇ ಹೋಯಿತು. ಅದಕ್ಕೆ ಹೊಸ ಮೂತಿ ಬಂದದ್ದು ಟೂಲೋನ್‌ನಲ್ಲಿ ಮುಳುಗಿಸಿದ್ದ ಆಂದೋಂತಾಬ್ಲ್‌ನಿಂದ. ಯುದ್ಧ ಮುಗಿದಾಗ ಆರರಲ್ಲಿ ನಾಲ್ಕು ಉಳಿದಿದ್ದವು.