ತಾರೀಖು ಕೆಡಿಸಿದವರು ಅವರು, ಬೈಗುಳ ನಮಗೆ

ನಮ್ಮ ಕಾರವಾರದ ಆಫೀಸಿನಲ್ಲಿ ಗುತ್ತಿಗೆ ಕರಾರುಗಳ ಹಳೆಯ ಸಾಫ್ಟ್‌ವೇರ್ ತೆಗೆದು, ಬ್ರೌಸರ್‌ನಲ್ಲಿ ತೆರೆಯುವ ಹೊಸದನ್ನು ಹಾಕಿದ್ದಾರೆ. ಹಾಕಲಿ. ಹಳೆಯದು ವಿಷುವಲ್ ಬೇಸಿಕ್ 6 ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದೇ 2008ರಲ್ಲಿ. ಇದ್ದದ್ದೂ ಒಂದೇ ಕಂಪ್ಯೂಟರಿನಲ್ಲಿ. ಬದಲಾಯಿಸಲೇಬೇಕಿತ್ತು. ಆದರೆ ದಿನಾ ಅದರ ಮುಂದೆ ಕೂತು ಕೆಲಸ ಮಾಡುವವರನ್ನು ಒಂದು ಮಾತು ಕೇಳಬೇಕಲ್ವಾ?

ಕೇಳಲಿಲ್ಲ. ಅದಕ್ಕೇ ತಾರೀಖುಗಳೆಲ್ಲ ಹಾಳಾಗಿವೆ.

ನಾವು ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತೇವೆ. ಹೊಸ ಸಾಫ್ಟ್‌ವೇರ್ ಹಳೆಯ ಮಾಹಿತಿಯನ್ನು ಅಮೆರಿಕದ ಕ್ರಮದಲ್ಲಿ ಓದಿಕೊಂಡಿದೆ. ಒಬ್ಬ ಗುತ್ತಿಗೆದಾರರ ಬ್ಯಾಂಕ್ ಗ್ಯಾರಂಟಿ (ಕೆಲಸ ಕೆಟ್ಟರೆ ಅವರ ಪರವಾಗಿ ದುಡ್ಡು ಕೊಡುತ್ತೇವೆ ಅಂತ ಬ್ಯಾಂಕ್ ಕೊಡುವ ಪತ್ರ) ಮುಗಿಯುವುದು 10/07ಕ್ಕೆ, ಅಂದರೆ ಜುಲೈ 10. ಇದು ತೋರಿಸುತ್ತಿರುವುದು ಅಕ್ಟೋಬರ್ 7! ನೆನಪಿನ ಮೆಸೇಜ್ ಬರುವುದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಗ್ಯಾರಂಟಿ ಸತ್ತು ಎರಡು ತಿಂಗಳಾಗಿರುತ್ತದೆ. ಜುಲೈ ಅಂದರೆ ನಮ್ಮ ಕರಾವಳಿಯಲ್ಲಿ ಹುಚ್ಚು ಮಳೆ. ಮಾಡಿದ ಚರಂಡಿ, ಕಟ್ಟಿದ ಗೋಡೆ ಕುಸಿಯುವುದೇ ಆಗ. ಗ್ಯಾರಂಟಿ ಬೇಕಾಗುವುದೂ ಆಗಲೇ. ದಿನ 12ಕ್ಕಿಂತ ಜಾಸ್ತಿ ಇದ್ದ ಕಡೆ ಅದಕ್ಕೆ ಓದಲು ಬಂದಿಲ್ಲ, ಜಾಗ ಖಾಲಿ ಬಿಟ್ಟಿದೆ. ಖಾಲಿ ಇದ್ದರೆ ಕಣ್ಣಿಗಾದರೂ ಬೀಳುತ್ತದೆ. ತಪ್ಪಾಗಿದ್ದೂ ಸರಿಯಾಗಿ ಕಾಣುತ್ತದಲ್ಲ, ಅದನ್ನು ಹುಡುಕುವುದು ಹೇಗೆ?

ಇನ್ನು ಕನ್ನಡ. ಹಳೆಯದರಲ್ಲಿ ಕೆಲಸದ ವಿವರವನ್ನೆಲ್ಲ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆವು. ಆ ಹಳೆಯ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತದೆ. ಈಗ ಎಲ್ಲ ಕಡೆ ಓದಲು ಬರುವ ಯುನಿಕೋಡ್‌ಗೆ ಪರಿವರ್ತನೆ ಮಾಡದೆ ಹಾಗೇ ಸುರಿದರೆ ಕಸ ಬರುತ್ತದೆ. ಬಂದಿದೆ. ಪರಿವರ್ತಕಗಳು ಎಷ್ಟೋ ವರ್ಷದಿಂದ ಇವೆ. ಒಂದನ್ನೂ ಬಳಸಿಲ್ಲ. ಅಂಕೋಲಾದ ಚರಂಡಿ ಯಾವುದು, ಜೋಯಿಡಾದ ರಸ್ತೆ ಯಾವುದು ಅಂತ ಈಗ ಕಾಗದದ ಫೈಲು ತೆಗೆದೇ ನೋಡಬೇಕು.

ಅವಧಿ ವಿಸ್ತರಣೆಯ ಪತ್ರಗಳನ್ನೂ ಹೊಸ ಕರಾರು ಅಂತ ಎಣಿಸಿಬಿಟ್ಟಿದ್ದಾರೆ. ಮೂಲ ಕರಾರಿನ ಮೊತ್ತ ಎರಡೆರಡು ಸಲ ಸೇರಿದೆ. ದೊಡ್ಡ ಸಾಹೇಬರ ಮುಂದೆ ಬಣ್ಣದ ಚಾರ್ಟ್ ಮಾತ್ರ ಚೆನ್ನಾಗಿ ಬರುತ್ತದೆ.

ಸಾಫ್ಟ್‌ವೇರ್ ಹಾಕಿದವರಿಗೆ ದೂರು ಕೊಟ್ಟರೆ ಉತ್ತರ ಏನು ಗೊತ್ತಾ? ‘ಹಳೆಯದರಲ್ಲಿ ಎಷ್ಟು ಸಾಲು ಇತ್ತೋ ಹೊಸದರಲ್ಲೂ ಅಷ್ಟೇ ಇದೆ, ಎಲ್ಲಾ ಬಂದಿದೆ.’ ಸಾಲು ಎಣಿಸಿದರೆ ಆಯ್ತಾ? ಒಳಗೆ ಏನಿದೆ ಅಂತ ನೋಡಬೇಡವಾ? ಎರಡನ್ನೂ ಸ್ವಲ್ಪ ಕಾಲ ಒಟ್ಟಿಗೆ ಓಡಿಸಿ ತಾಳೆ ನೋಡೋಣ ಅಂದೆವು. ಟೈಮ್ ಇಲ್ಲ ಅಂದರು.

ಬೈಗುಳ ತಿನ್ನುವುದು ಮಾತ್ರ ನಾವು. ಮೊನ್ನೆ ಕುಮಟಾದಿಂದ ಬಸ್ ಹಿಡಿದು ಬಂದ ಒಬ್ಬ ಸಣ್ಣ ಗುತ್ತಿಗೆದಾರರು, ‘ಮೇಡಮ್, ಡಿಪಾಸಿಟ್ ವಾಪಸ್ ಕೊಡ್ತೀನಿ ಅಂದಿದ್ರಲ್ಲ’ ಅಂತ ಕೌಂಟರಿನಲ್ಲಿ ನಿಂತರು. ಕೆಲಸ ಮುಗಿದ ಮೇಲೂ ಅದನ್ನು ಅವರೇ ನೋಡಿಕೊಳ್ಳಬೇಕಾದ ನಿರ್ವಹಣಾ ಅವಧಿ ಮುಗಿದಿದೆ, ಕಾಗದದಲ್ಲಿ ಸ್ಪಷ್ಟವಾಗಿದೆ. ಸಾಫ್ಟ್‌ವೇರ್ ಇನ್ನೂ ಮುಗಿದಿಲ್ಲ ಅನ್ನುತ್ತದೆ. ಅದು ಒಪ್ಪದೆ ಬಿಲ್ ಮುಂದೆ ಹೋಗುವುದಿಲ್ಲ. ಡಿಪಾಸಿಟ್ ನಮ್ಮಲ್ಲೇ ಇರುವಾಗ ಅವರು ಕೂಲಿಯವರಿಗೆ ಸಾಲ ಮಾಡಿ ದುಡ್ಡು ಕೊಟ್ಟಿದ್ದಾರೆ. ಅವರಿಗೆ ನಾನು ಯಾವ ಮುಖ ಇಟ್ಟುಕೊಂಡು ಉತ್ತರ ಹೇಳಲಿ?

ಈಗ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುತ್ತಾರಂತೆ. ಪ್ರತಿಯೊಂದು ಕರಾರಿನ ತಾರೀಖನ್ನೂ ಫೈಲಿನ ಜೊತೆ ತಾಳೆ ನೋಡಿ, ಸರಿಯಿದೆ ಅಂತ ಸಾಫ್ಟ್‌ವೇರ್ ಹಾಕಿದವರು ಸಹಿ ಹಾಕಿ ಕೊಡಲಿ. ಅಲ್ಲಿಯವರೆಗೆ ಆ ಕಂಪ್ಯೂಟರನ್ನು ಮುಟ್ಟಲು ನಾನು ಬಿಡುವುದಿಲ್ಲ.