ಚಕ್ರ ತಿರುಗಿಸಿದವರೆಲ್ಲ ಗಿರಾಕಿಗಳಲ್ಲ

ಹೋದ ದಸರಾ ಹೊತ್ತಿಗೆ ನಮ್ಮ ಅತ್ತಿಗೆಯ ಅಂಗಡಿಗಾಗಿ ಮೊಬೈಲಿನಲ್ಲಿ ಆಡುವ ಒಂದು ಆಟ ಇಟ್ಟಿದ್ದೆವು. ಕೊಡಗಿನ ಸುಂಟಿಕೊಪ್ಪದ ಹತ್ತಿರ ರಸ್ತೆ ಬದಿಯ ಅಂಗಡಿ ಅದು. ಕಾಫಿಪುಡಿ, ಜೇನು, ಕಾಳುಮೆಣಸು, ಏಲಕ್ಕಿ, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿರಸ), ಮನೆಯಲ್ಲೇ ಮಾಡಿದ ಚಾಕೊಲೇಟ್ ಎಲ್ಲ ಸಿಗುತ್ತದೆ. ಪ್ರವಾಸಿಗರೂ ಬರುತ್ತಾರೆ, ಊರಿನವರೂ ಬರುತ್ತಾರೆ. ಆಟ ನೀವೆಲ್ಲ ನೋಡಿರುವಂಥದ್ದೇ. ಲಿಂಕ್ ಒತ್ತಿ, ಪಿನ್‌ಕೋಡ್ ಹಾಕಿ, ನಂಬರ್ ಕೊಟ್ಟು, ಓಟಿಪಿ ಹಾಕಿ, ಚಕ್ರ ತಿರುಗಿಸಿ. ಅದೃಷ್ಟ ಇದ್ದರೆ ಕಾಲು ಕೆಜಿ ಕಾಫಿಪುಡಿ, ಇಲ್ಲದಿದ್ದರೆ 10% ಕೂಪನ್. ಒಂದು ನಂಬರಿಗೆ ದಿನಕ್ಕೆ ಒಂದು ಸಲ. ಹತ್ತು ದಿನ ನಡೆಸಿದೆವು.

ಮುಗಿದ ದಿನ ರಾತ್ರಿ ವರದಿ ಬಂತು. ಲಿಂಕ್ ತೆರೆದದ್ದು 6,412 ಸಲ. ಚಕ್ರ ತಿರುಗಿದ್ದು 2,386 ಸಲ. ನನಗೋ ಖುಷಿ. ತಕ್ಷಣ ಅತ್ತಿಗೆಗೆ ಫೋನ್ ಮಾಡಿದೆ. "ಅಷ್ಟು ಜನ ಆಡಿದ್ರಾ ಮಾರಾಯ್ತಿ? ಹಾಗಾದ್ರೆ ಪುಡಿ ಜಾಸ್ತಿ ಮಾಡಿಸಿ ಇಡ್ಬೇಕಾ?" ಅಂತ ಕೇಳಿದರು. ಇಡಿ ಅತ್ತಿಗೆ ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು ಅಂತ ಗೊತ್ತಾಗಲು ಮೂರು ವಾರ ಬೇಕಾಯಿತು. ಹೆಚ್ಚಾಗಿ ಮಾಡಿಸಿದ ಪುಡಿಯ ಘಮ ಹೋಗುತ್ತಾ ಬಂತು, ಗಿರಾಕಿಗಳು ಮಾತ್ರ ಆ ಲೆಕ್ಕದಲ್ಲಿ ಬರಲಿಲ್ಲ.

ಮಡಿಕೇರಿಯಲ್ಲಿ ಕೂತು ಸಣ್ಣ ಅಂಗಡಿಗಳಿಗೆ, ಹೋಂಸ್ಟೇಗಳಿಗೆ ಆನ್‌ಲೈನ್ ಜಾಹೀರಾತು ಮಾಡಿಕೊಡುವುದು ನನ್ನ ಕೆಲಸ. ಈಗ ನಮ್ಮಲ್ಲಿ ತುಂಬಾ ಜನ ಇಂಥ ಆಟ ಇಡುತ್ತಿದ್ದಾರೆ. ಕ್ವಿಜ್, ಸ್ಕ್ರ್ಯಾಚ್ ಕಾರ್ಡ್, ಚಕ್ರ. ಆಟ ಇಡುವುದು ಈಗ ಸುಲಭ, ಅರ್ಧ ದಿನದ ಕೆಲಸ. ಆಡಿದವರ ಡೇಟಾ ಓದುವುದೇ ಕಷ್ಟ. ಅದನ್ನು ಯಾರೂ ಕೂತು ಓದುವುದೇ ಇಲ್ಲ ಅನ್ನುವುದು ನನ್ನ ದೊಡ್ಡ ಸಂಕಟ. ಮೇಲಿನ ದೊಡ್ಡ ನಂಬರನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿ ಮುಗಿಸುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಆಮೇಲೆ ಆಡಿದವರ ವಿವರ ಇರುವ ಶೀಟ್ ತೆರೆದು ಸಾಲು ಸಾಲಾಗಿ ನೋಡಿದೆ. ಮೊದಲ ವಿಷಯ, 2,386 ಅನ್ನುವುದು ಜನರಲ್ಲ, ಆಟಗಳು. ದಿನಕ್ಕೊಂದು ಸಲ ಆಡಬಹುದಾದ್ದರಿಂದ ಕೆಲವರು ಏಳೆಂಟು ದಿನ ಬಂದಿದ್ದರು. ಬೇರೆ ಬೇರೆ ನಂಬರ್ ಎಣಿಸಿದರೆ 1,520. ಇದು ಎಲ್ಲರಿಗೂ ಗೊತ್ತಿರುವ ವಿಷಯ ಅಂತ ಅನ್ನಿಸಬಹುದು, ಆದರೆ "ಇಷ್ಟು ಸಾವಿರ ಜನ ಆಡಿದ್ರು" ಅಂತ ಹಾಕುವ ಎಷ್ಟೋ ಪೋಸ್ಟುಗಳು ಆಟವನ್ನೇ ಜನ ಅಂತ ಎಣಿಸಿರುತ್ತವೆ.

ಎರಡನೆಯದು ನೋಡಿ ಎದೆ ಧಸಕ್ ಅಂತು. ನಾಲ್ಕನೇ ದಿನ ಮಧ್ಯಾಹ್ನ ಮೂರೇ ಗಂಟೆಯಲ್ಲಿ 610 ಹೊಸ ನಂಬರ್ ಬಂದಿದ್ದವು. ಮೊದಲು ಇದು ಯಾವುದೋ ಬಾಟ್, ಅಂದರೆ ತಾನಾಗಿ ಆಡುವ ಪ್ರೋಗ್ರಾಂ, ಅದರ ಕೆಲಸ ಅಂದುಕೊಂಡೆ. ಆದರೆ ಓಟಿಪಿ ಎಲ್ಲ ಸರಿಯಾಗಿ ಹಾಕಿದ್ದರು, ಅಂದರೆ ಕೈಯಲ್ಲಿ ನಿಜವಾದ ಫೋನ್ ಇರುವವರು. ಪಿನ್‌ಕೋಡ್ ನೋಡಿದೆ. ಕರ್ನಾಟಕದ ಪಿನ್‌ಗಳು 56ರಿಂದ 59ರ ಒಳಗೆ ಶುರುವಾಗುತ್ತವೆ. ಇವು 11, 20, 30, 40 ಅಂತ ಶುರುವಾಗಿದ್ದವು. ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನ, ಮಹಾರಾಷ್ಟ್ರ. ಎಲ್ಲಿ ಏನು ಬಿಟ್ಟಿ ಸಿಗುತ್ತದೆ ಅಂತ ಲಿಂಕ್ ಹಂಚುವ ಟೆಲಿಗ್ರಾಂ ಗುಂಪುಗಳು ತುಂಬಾ ಇವೆ. ಅಂಥದ್ದೊಂದರಲ್ಲಿ ನಮ್ಮ ಲಿಂಕ್ ಬಿದ್ದಿತ್ತು. ತಪ್ಪು ಅವರದಲ್ಲ, ಪುಕ್ಕಟೆ ಕಾಫಿಪುಡಿ ಅಂದರೆ ಯಾರಾದರೂ ಒತ್ತುತ್ತಾರೆ. ಯಾವ ಊರಿಗೆ ಕಳಿಸುತ್ತೇವೆ ಅಂತ ನಿಯಮದಲ್ಲಿ ಬರೆಯದೆ ಹೋದದ್ದು ನಾನು. ಗೆದ್ದವರಿಗೆ ಪುಡಿ ಕಳಿಸಿದೆವು, ಮಾತು ಮಾತೇ ಅಲ್ವಾ. ಆದರೆ ಆ 610 ಜನರಲ್ಲಿ ಒಬ್ಬರೂ ಕೂಪನ್ ಬಳಸಲಿಲ್ಲ. ಅವರನ್ನು ಬದಿಗಿಟ್ಟರೆ ಉಳಿದದ್ದು 910.

ಇಲ್ಲಿಂದ ನಾನು ಜಾಸ್ತಿ ಅನುಮಾನದ ಕಣ್ಣಿನಿಂದ ನೋಡಲು ಶುರು ಮಾಡಿದೆ. ಅದೂ ಒಂದು ಅಪಾಯವೇ. ಒಂದೇ ಇಂಟರ್ನೆಟ್ ವಿಳಾಸದಿಂದ 47 ನಂಬರ್ ಬಂದಿದ್ದವು. ಇವೂ ಕಳ್ಳ ಆಟ ಅಂತ ಅಳಿಸಲು ಹೊರಟಿದ್ದೆ. ಅಳಿಸುವ ಮುಂಚೆ ಸಮಯ ನೋಡಿದೆ. ಎಲ್ಲ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ಒಳಗೆ, ಒಂದೊಂದಾಗಿ, ಹತ್ತೂ ದಿನ. ಆಗ ಹೊಳೆಯಿತು. ಅದು ಅತ್ತಿಗೆಯ ಅಂಗಡಿಯದ್ದೇ ವೈಫೈ! ಅಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ ಅಂತ ಬಂದವರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಡುತ್ತಾರೆ. ಕೌಂಟರ್ ಮೇಲಿಟ್ಟ ಕ್ಯೂಆರ್ ಸ್ಕ್ಯಾನ್ ಮಾಡಿ ಆಡಿದವರು ಅವರು. ಅಂಗಡಿಯೊಳಗೆ ನಿಂತು, ಪುಡಿ ಮೂಸಿ ನೋಡಿ, ದುಡ್ಡು ಕೊಟ್ಟು ಹೋದವರು. ಇಡೀ ಶೀಟಿನಲ್ಲಿ ನಮಗೆ ಅತಿ ಬೇಕಾದ 47 ಜನರನ್ನು ನಾನು ಕಳ್ಳರೆಂದು ಅಳಿಸಿಬಿಡುತ್ತಿದ್ದೆ. ಮೊಬೈಲ್ ಕಂಪನಿಗಳು ಕೂಡ ಎಷ್ಟೋ ಫೋನುಗಳನ್ನು ಒಂದೇ ವಿಳಾಸದ ಹಿಂದೆ ಇಡುತ್ತವೆ. ಆದ್ದರಿಂದ ವಿಳಾಸ ಒಂದೇ ಅಂದ ಮಾತ್ರಕ್ಕೆ ಆಡಿದವರು ಒಬ್ಬರೇ ಅಂತ ಅಲ್ಲ.

ಇನ್ನೊಂದು ರಾತ್ರಿಯ ಕಥೆ. ವಿಜಯದಶಮಿ ದಿನ ನಡುರಾತ್ರಿ ಒಂದರಿಂದ ನಾಲ್ಕು ಗಂಟೆಯ ನಡುವೆ ತುಂಬಾ ಆಟ ನಡೆದಿತ್ತು. ಬೆಂಗಳೂರಿನಲ್ಲಿ ಕೂತು ನೋಡುವ ಯಾರೇ ಆದರೂ ಆ ಹೊತ್ತಿನ ಸಾಲುಗಳನ್ನು ಕೆಂಪು ಮಾಡಿ ಇಡುತ್ತಾರೆ. ಮಡಿಕೇರಿಯವರಿಗೆ ಮಾತ್ರ ಕಾರಣ ಗೊತ್ತು. ಅವತ್ತು ದಶಮಂಟಪಗಳ ರಾತ್ರಿ, ಹತ್ತು ದೇವಸ್ಥಾನಗಳ ಮಂಟಪಗಳು ರಾತ್ರಿಯಿಡೀ ಮೆರವಣಿಗೆ ಹೋಗುತ್ತವೆ. ಊರಿಗೆ ಊರೇ ಬೀದಿಯಲ್ಲಿ ಎದ್ದಿರುತ್ತದೆ, ಒಂದು ಮಂಟಪ ನೋಡಿ ಇನ್ನೊಂದು ಬರುವ ತನಕ ಎಲ್ಲರ ಕೈಯಲ್ಲೂ ಫೋನ್. ಡೇಟಾ ಓದುವವರಿಗೆ ಊರಿನ ಕ್ಯಾಲೆಂಡರ್ ಗೊತ್ತಿರಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಪಿನ್‌ಕೋಡ್‌ನಲ್ಲೂ ಒಂದು ಪಾಠ ಕಲಿತೆ. 571 ಅಂತ ಶುರುವಾದದ್ದನ್ನೆಲ್ಲ ಮೊದಲು ಕೊಡಗು ಅಂತ ಎಣಿಸಿದ್ದೆ. ಮಡಿಕೇರಿ 571201 ಸರಿ. ಆದರೆ ಮಂಡ್ಯ 571401, ಚಾಮರಾಜನಗರ 571313. ಆರೂ ಅಂಕಿ ನೋಡಬೇಕು.

ಈಗ ನನಗೆ ಅತಿ ಬೇಸರ ತಂದ ವಿಷಯ. ಲಿಂಕ್ ತೆರೆದವರಲ್ಲಿ ತುಂಬಾ ಜನ ಓಟಿಪಿ ಪುಟದಲ್ಲೇ ನಿಂತುಬಿಟ್ಟಿದ್ದರು. ಜನರಿಗೆ ಇಷ್ಟ ಆಗಲಿಲ್ಲ, ನಂಬರ್ ಕೊಡಲು ಹೆದರಿದರು ಅಂತ ಬರೆದು ಮುಗಿಸಬಹುದಿತ್ತು. ಪಿನ್‌ಕೋಡ್ ಅದಕ್ಕೂ ಮುಂಚಿನ ಪುಟದಲ್ಲೇ ಕೇಳಿದ್ದರಿಂದ ನಿಂತವರು ಎಲ್ಲಿಯವರು ಅಂತ ನೋಡಲು ಆಯಿತು. ಬೆಂಗಳೂರು, ಮೈಸೂರಿನವರು ಸಲೀಸಾಗಿ ದಾಟಿದ್ದರು. ನಿಂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಕೊಡಗಿನವರೇ. ಯಾಕೆ ಅಂದರೆ ತೋಟದ ಮನೆಗಳಲ್ಲಿ ಬ್ರಾಡ್‌ಬ್ಯಾಂಡ್ ಇರುತ್ತದೆ, ವೈಫೈ ಇರುತ್ತದೆ, ಆದರೆ ಮನೆಯೊಳಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಪುಟ ತೆರೆಯುತ್ತದೆ, ಎಸ್‌ಎಂಎಸ್ ಬರುವುದಿಲ್ಲ. ಅಂಗಳದ ತುದಿಗೆ ಹೋಗಿ ಫೋನ್ ಎತ್ತಿ ಹಿಡಿದು ಓಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮಳೆ ಬಂದು ಕರೆಂಟ್ ಹೋದರಂತೂ ಟವರೇ ಸುಮ್ಮನಾಗುತ್ತದೆ. ನಮ್ಮ ಊರಿನವರಿಗಾಗಿ ಇಟ್ಟ ಆಟದಲ್ಲಿ ನಮ್ಮ ಊರಿನವರೇ ಬಾಗಿಲಲ್ಲಿ ನಿಂತು ವಾಪಸ್ ಹೋದರು. ಎಲ್ಲಿ ಬಿಟ್ಟುಹೋದರು ಅಂತ ಡೇಟಾ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೆ ನಾಲ್ಕು ಜನಕ್ಕೆ ಫೋನ್ ಮಾಡಿ ಕೇಳಲೇಬೇಕು. ಓಟಿಪಿ ಪುಟದಲ್ಲಿ ನಿಂತವರ ನಂಬರ್ ಹಿಡಿದು ಫೋನ್ ಮಾಡಲಿಲ್ಲ, ಅವರು ಒಪ್ಪಿಗೆ ಕೊಟ್ಟಿರಲಿಲ್ಲ. ಪರಿಚಯದ ಮನೆಗಳನ್ನು ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ.

ಎಲ್ಲಿಂದ ಬಂದರು ಅನ್ನುವ ಕಾಲಂ ಕೂಡ ಮೋಸ ಮಾಡುತ್ತದೆ. "ಡೈರೆಕ್ಟ್" ಅಂತ ರಾಶಿ ಸಾಲು ಇದ್ದವು. ನೇರವಾಗಿ ವಿಳಾಸ ಟೈಪ್ ಮಾಡಿ ಬಂದವರಾ? ಅಲ್ಲ. ವಾಟ್ಸಾಪ್‌ನಿಂದ ಬಂದವರು ಸಾಮಾನ್ಯವಾಗಿ ಹಾಗೇ ಕಾಣುತ್ತಾರೆ, ಯಾಕೆಂದರೆ ಎಲ್ಲಿಂದ ಬಂದೆ ಅನ್ನುವ ಗುರುತನ್ನು ಆ್ಯಪ್ ಕಳಿಸುವುದಿಲ್ಲ. ಕುಟುಂಬದ ಗುಂಪು, ತೋಟದವರ ಗುಂಪು, ಹಳೇ ಶಾಲೆಯ ಗುಂಪು, ನಮ್ಮಲ್ಲಿ ಸುದ್ದಿ ಓಡಾಡುವುದೇ ಅಲ್ಲಿ. ಒಂದೊಂದು ಜಾಗಕ್ಕೆ ಒಂದೊಂದು ಗುರುತು ಹಾಕಿದ ಲಿಂಕ್ ಕೊಟ್ಟರೆ ಮಾತ್ರ ಇದು ಗೊತ್ತಾಗುತ್ತದೆ. ನಾನು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಮತ್ತು ಕ್ಯೂಆರ್‌ಗೆ ಮಾತ್ರ ಗುರುತು ಹಾಕಿದ್ದೆ.

ಕೊನೆಯ ಲೆಕ್ಕಕ್ಕೆ ಬರುತ್ತೇನೆ, ಇದನ್ನೇ ನೀವು ಗಮನಿಸಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ಕೂಪನ್ ನಂಬರ್ ಕೊಟ್ಟಿದ್ದರಿಂದ ಯಾರು ಬಳಸಿದರು ಅಂತ ಹಿಡಿಯಲು ಆಯಿತು. ಒಂದು ತಿಂಗಳಲ್ಲಿ 74 ಜನ ಬಳಸಿದ್ದರು. ಅತ್ತಿಗೆಯ ಹಳೇ ಬಿಲ್ಲುಗಳ ಜೊತೆ ತಾಳೆ ಹಾಕಿದೆ. 43 ಜನ ಹೇಗೂ ತಿಂಗಳು ತಿಂಗಳು ಬರುವವರು. ಅವರು ಪೂರ್ತಿ ಬೆಲೆ ಕೊಟ್ಟೇ ತಗೊಳ್ಳುತ್ತಿದ್ದರು, ನಾವೇ 10% ಬಿಟ್ಟುಕೊಟ್ಟೆವು. ಹಳಬರಿಗೆ ಹಬ್ಬದ ಉಡುಗೊರೆ ಅಂತ ಅತ್ತಿಗೆ ಖುಷಿಯಿಂದಲೇ ಹೇಳಿದರು, ಅದೂ ಸರಿಯೇ, ಆದರೆ ಅದನ್ನು ಆಟದ ಲಾಭ ಅಂತ ಬರೆಯಬಾರದು. ಹೊಸಬರು 31. ಅದರಲ್ಲಿ ಜನವರಿ ಒಳಗೆ ಮತ್ತೆ ಬಂದು ಕೊಂಡವರು 12.

ಜಾಹೀರಾತು, ಬಹುಮಾನ, ಅಂಚೆ ಎಲ್ಲ ಸೇರಿ ಖರ್ಚು 18,600 ರೂಪಾಯಿ. 2,386ರಿಂದ ಭಾಗಿಸಿ, ಒಂದಕ್ಕೆ 8 ರೂಪಾಯಿ ಕೂಡ ಆಗುವುದಿಲ್ಲ. 31ರಿಂದ ಭಾಗಿಸಿ, 600 ರೂಪಾಯಿ. 12ರಿಂದ ಭಾಗಿಸಿ, 1,550. ಖರ್ಚು ಅದೇ, ಆಟ ಅದೇ. ಯಾವ ನಂಬರನ್ನು ಕೆಳಗೆ ಇಡುತ್ತೀರಿ ಅನ್ನುವುದರ ಮೇಲೆ ಇಡೀ ತೀರ್ಮಾನ ತಿರುಗುತ್ತದೆ. ಅಪ್ಪನಿಗೆ ಇದನ್ನು ತೋರಿಸಿದೆ. "ಹೂಮಳೆ ಬಂದು ತೋಟ ಬೆಳ್ಳಗಾದ ದಿನ ಯಾರೂ ಚೀಲ ಎಣಿಸುವುದಿಲ್ಲ" ಅಂದರು. ಹೂಮಳೆ ಅಂದರೆ ಕಾಫಿ ಗಿಡ ಹೂಬಿಡಿಸುವ ಮಳೆ. ಹೂವಾದ ಮೇಲಿನ ಮಳೆಯೂ ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ ಕಾಯಿ ನಿಲ್ಲುತ್ತದೆ ಅಂತ ಕಾಫಿ ಬೆಳೆಯುವವರಿಗೆ ಗೊತ್ತು. ಆಡಿದವರನ್ನು ಆಮೇಲೆ ನಾವು ಹೇಗೆ ನೋಡಿಕೊಂಡೆವು ಅನ್ನುವುದೂ ಹಾಗೇ.

ನೋಡಿಕೊಳ್ಳುವುದು ಅಂದರೆ ದಿನಾ ಮೆಸೇಜ್ ಕಳಿಸುವುದಲ್ಲ. 910 ಜನರಲ್ಲಿ ಮುಂದೆ ಮೆಸೇಜ್ ಕಳಿಸಿ ಅಂತ ಟಿಕ್ ಹಾಕಿದವರು 388 ಮಾತ್ರ. ಮೊದಲೇ ಟಿಕ್ ಹಾಕಿ ಇಟ್ಟಿದ್ದರೆ ಎಲ್ಲರದ್ದೂ ಸಿಗುತ್ತಿತ್ತು, ಹಾಗೆ ಮಾಡುವವರು ಇದ್ದಾರೆ. ಅದು ಒಪ್ಪಿಗೆ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಅದನ್ನೇ ಹೇಳುತ್ತದೆ. ಯಾಕೆ ಬೇಕು ಅಂತ ತಿಳಿಸಿ ಕೇಳಬೇಕು, ಕೊಟ್ಟವರು ಅಷ್ಟೇ ಸುಲಭವಾಗಿ ವಾಪಸ್ ತಗೊಳ್ಳುವಂತಿರಬೇಕು, 18 ದಾಟದ ಮಕ್ಕಳದ್ದಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಚಕ್ರ ತಿರುಗಿಸುವ ಆಟ ಅಂದರೆ ಅಮ್ಮನ ಫೋನಿನಲ್ಲಿ ಮಕ್ಕಳೇ ಆಡಿರುತ್ತಾರೆ, ನಮ್ಮ ಮನೆಯಲ್ಲೇ ನೋಡಿದ್ದೇನೆ. ಶೀಟಿನಲ್ಲಿ ಅದು ಅಮ್ಮನ ಹೆಸರಲ್ಲೇ ಇರುತ್ತದೆ.

ಇದೆಲ್ಲ ಸಣ್ಣ ಅಂಗಡಿಗೆ ಯಾಕೆ ಅನ್ನುವವರಿಗೆ ಒಂದು ಹಳೇ ಲೆಕ್ಕ ನೆನಪಿಸುತ್ತೇನೆ. ಫೇಸ್‌ಬುಕ್ ಬಳಸುವವರ ಮಾಹಿತಿಯನ್ನು ಅವರಿಗೆ ಗೊತ್ತಿಲ್ಲದೆ ರಾಜಕೀಯ ಪ್ರಚಾರಕ್ಕೆ ತೆಗೆದುಕೊಂಡ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಶುರುವಾದದ್ದೇ ನಿಮ್ಮ ಸ್ವಭಾವ ಹೇಳುತ್ತೇವೆ ಅನ್ನುವ ಒಂದು ಕ್ವಿಜ್ ಆ್ಯಪ್‌ನಿಂದ. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಅವರ ಸ್ನೇಹಿತರ ಪಟ್ಟಿಯಿಂದ 5.62 ಲಕ್ಷ ಜನರ ಮಾಹಿತಿ ಹೋಗಿರಬಹುದು ಅಂತ 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ಸುಮ್ನೆ ಒಂದು ಆಟ ಅಂತ ಆಡಿದವರು ಆ 335 ಜನ. ನನಗೂ ಒಮ್ಮೆ ಹಾಗೇ ಆಗಿತ್ತು. ಒಂದು ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿದ ಮೇಲೆ ತಿಂಗಳುಗಟ್ಟಲೆ ಸಾಲದವರ, ಸೈಟಿನವರ ಫೋನ್ ಬಂತು. ನಂಬರ್ ಕೊಟ್ಟವರಿಗೆ ಎಷ್ಟು ಕಿರಿಕಿರಿ ಅಂತ ಚೆನ್ನಾಗಿ ಗೊತ್ತಿರುವುದರಿಂದಲೇ, "ನಿಮ್ಮ ಲಿಸ್ಟ್ ಸ್ವಲ್ಪ ಕೊಡಿ, ಹೋಂಸ್ಟೇಗೆ ಮೆಸೇಜ್ ಹಾಕ್ತೀವಿ" ಅಂತ ಪರಿಚಯದವರೊಬ್ಬರು ಕೇಳಿದಾಗ ಇಲ್ಲ ಅಂದೆ. ಅವರಿಗೆ ಬೇಜಾರಾಯಿತು. ಆದರೂ ಕೊಡಲಿಲ್ಲ.

ಟಿಕ್ ಹಾಕದವರ ಹೆಸರು, ನಂಬರ್ ಬಹುಮಾನ ಕಳಿಸಿ ಮುಗಿದ ಮೇಲೆ ಶೀಟಿನಿಂದ ತೆಗೆದೆ. ಎಣಿಕೆ ಮಾತ್ರ ಉಳಿಸಿಕೊಂಡಿದ್ದೇನೆ.

ಯುಗಾದಿಗೆ ಇನ್ನೊಂದು ಆಟ ಇಡುವ ಯೋಚನೆ ಇದೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದವರಿಗೆ ಓಟಿಪಿ ಬೇಡ, ಬಿಲ್ ನಂಬರ್ ಸಾಕು. ಬಹುಮಾನ ಅಂಗಡಿಗೆ ಬಂದೇ ತಗೊಳ್ಳಬೇಕು. ವಾಟ್ಸಾಪ್ ಗುಂಪುಗಳಿಗೆ ಬೇರೆ ಲಿಂಕ್. ಅತ್ತಿಗೆ ಈ ಸಲ ಮೊದಲೇ ಕೇಳಿದರು, "ಪುಡಿ ಎಷ್ಟು ಮಾಡಿಸಲಿ?" ಅಂತ. ಹೋದ ತಿಂಗಳು ಎಷ್ಟು ಹೋಯಿತೋ ಅಷ್ಟೇ ಇರಲಿ ಅತ್ತಿಗೆ, ಬೇಕಾದರೆ ವಾರದೊಳಗೆ ಮತ್ತೆ ಮಾಡಿಸೋಣ ಅಂದೆ.