ನಾಲ್ಕನೇ ಸ್ಲಾಟೇ ಬೇಕಂತೆ

ಹಳೆಯ ಆಪಲ್ ಟೂ-ಇ ಕಂಪ್ಯೂಟರಿಗೆ ಹಾಕೋಣವೆಂದು ಒಂದು ಸೌಂಡ್ ಕಾರ್ಡ್ ತಂದೆ. ಮಷೀನಿನೊಳಗೆ ಇಂಥ ಕಾರ್ಡ್ ಸಿಕ್ಕಿಸುವ ಸಂದುಗಳೇ ಸ್ಲಾಟು, ಒಂದೊಂದಕ್ಕೂ ಒಂದೊಂದು ನಂಬರು. ಜೊತೆಗಿದ್ದ ಹಾಳೆಯಲ್ಲಿ ‘ಯಾವ ಸ್ಲಾಟಿಗಾದರೂ ಹಾಕಬಹುದು’ ಎಂದಿತ್ತು. ಕೆಳಗಿನ ಸಾಲಿನಲ್ಲಿ ‘4 ಆದರೆ ಒಳ್ಳೆಯದು’ ಎಂದಿತ್ತು. ಇಂಥ ಉದಾರಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

4 ಯಾರಿಗೆ ಬೇಡ? ಮೌಸ್ ಕಾರ್ಡಿಗೆ ಅದೇ ಬೇಕು. ಸಿಪಿ/ಎಂ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಓಡಿಸುವ ಝಡ್-80 ಕಾರ್ಡಿಗೂ ಅದೇ. ಸೌಂಡ್ ಕಾರ್ಡ್ ಅಲ್ಲೇ ಇರುತ್ತದೆಂದು ನಂಬಿದ ಆಟಗಳಂತೂ, ಬೇರೆ ಕಡೆ ಇಟ್ಟರೆ ಬಾಯೇ ಬಿಡುವುದಿಲ್ಲ. ಪಕ್ಕದ 5 ಮಾತ್ರ ಹೇಳೋರು ಕೇಳೋರು ಇಲ್ಲದೆ ಬಿದ್ದಿರುತ್ತದೆ. 3 ಖಾಲಿ ಕಾಣುತ್ತದೆ, ಆದರೆ ಖಾಲಿ ಅಲ್ಲ. ಪರದೆಯ ಒಂದು ಸಾಲಿನಲ್ಲಿ 80 ಅಕ್ಷರ ತೋರಿಸುವ 80 ಕಾಲಂ ಕಾರ್ಡ್ ಬೇರೊಂದು ಸ್ಲಾಟಿನಲ್ಲಿ ಕೂತು, 3ರ ವಿಳಾಸವನ್ನು ಬೇನಾಮಿಯಾಗಿ ಅನುಭವಿಸುತ್ತಿರುತ್ತದೆ.

1977ರ ಮೊದಲ ಆಪಲ್ ಟೂಗೆ ಎರಡು ಸ್ಲಾಟ್ ಸಾಕು, ಒಂದು ಪ್ರಿಂಟರಿಗೆ, ಒಂದು ಮೋಡೆಮ್ಮಿಗೆ ಎನ್ನುವುದು ಸ್ಟೀವ್ ಜಾಬ್ಸ್ ವಾದ. ಅದನ್ನು ವಿನ್ಯಾಸ ಮಾಡಿದ ಸ್ಟೀವ್ ವೋಜ್ನಿಯಾಕ್ ಎಂಟು ಬೇಕೇ ಬೇಕು ಎಂದು ಹಟ ಹಿಡಿದು ಗೆದ್ದರು. ಗೆದ್ದದ್ದು ಒಳ್ಳೆಯದೇ. ಆದರೆ ಎರಡೇ ಇದ್ದಿದ್ದರೆ ನನ್ನ ಗೆಳೆಯನ ಕೈಗೆ ಇಷ್ಟು ಕೆಲಸ ಸಿಗುತ್ತಿರಲಿಲ್ಲ.

ಅವನಿಗೆ ಎಲ್ಲವೂ ಓರಣವಾಗಿರಬೇಕು. ಪುಸ್ತಕಗಳೂ ಎತ್ತರದ ಪ್ರಕಾರ ನಿಂತಿರಬೇಕು. ಒಮ್ಮೆ ಧೂಳು ಒರೆಸಲು ಮುಚ್ಚಳ ತೆಗೆದವನು, ಒಳಗಿನ ಕಾರ್ಡುಗಳು ಅಡ್ಡಾದಿಡ್ಡಿ ಇವೆ ಎಂದು ಎಲ್ಲವನ್ನೂ ಕಿತ್ತು ಉದ್ದದ ಪ್ರಕಾರ ಜೋಡಿಸಿದ. ಡಿಸ್ಕ್ ಕಾರ್ಡ್ ಗಿಡ್ಡ, ಅದು 6ರಿಂದ 1ಕ್ಕೆ ಬಂತು. ಪ್ರಿಂಟರ್ ಕಾರ್ಡ್ 1ರಿಂದ 6ಕ್ಕೆ ಹೋಯಿತು. ಸ್ವಿಚ್ ಹಾಕಿದ. ಮಷೀನು 7ರಿಂದ ಕೆಳಗೆ ಹುಡುಕುತ್ತಾ ಬಂದು, ಕೊನೆಗೆ 1ರಲ್ಲಿ ಡಿಸ್ಕ್ ಸಿಕ್ಕಿ, ಶುರುವಾಯಿತು. ಇವನು ಬೀಗಿದ.

ಸಂಜೆಯೆಲ್ಲಾ ಕೂತು ಬೇಸಿಕ್ ಭಾಷೆಯಲ್ಲಿ ಉದ್ದದ ಪ್ರೋಗ್ರಾಂ ಬರೆದ. ಪ್ರಿಂಟ್ ತೆಗೆಯಲು ರೂಢಿಯಂತೆ ‘ಪಿಆರ್#1’ ಎಂದು ಒತ್ತಿದ, ಅಂದರೆ 1ನೇ ಸ್ಲಾಟಿನ ಕಾರ್ಡನ್ನು ಎಬ್ಬಿಸು ಎಂಬ ಆಜ್ಞೆ. ಈ ಮಷೀನಿನಲ್ಲಿ ಕಾರ್ಡಿಗೆ ಸ್ವಂತ ವಿಳಾಸ ಇಲ್ಲ, ಕೂತ ಸ್ಲಾಟೇ ವಿಳಾಸ. ಹಾಗಾಗಿ 1ರಲ್ಲಿ ಎದ್ದದ್ದು ಪ್ರಿಂಟರ್ ಅಲ್ಲ, ಡಿಸ್ಕ್. ಡ್ರೈವ್ ಟಕಟಕ ಎಂದಿತು. ಮಷೀನು ಮೊದಲಿನಿಂದ ಶುರುವಾಯಿತು. ಸೇವ್ ಮಾಡಿರದ ಪ್ರೋಗ್ರಾಂ ಮಾಯ.

ಫೋನ್ ಮಾಡಿ ಗೋಳಾಡಿದ. ಕಾರ್ಡುಗಳನ್ನು ಮೊದಲಿದ್ದ ಕಡೆಗೇ ಹಾಕು ಎಂದೆ. ‘ಆದ್ರೆ ಈಗ ನೋಡೋಕೆ ಚೆನ್ನಾಗಿದೆ ಕಣೋ’ ಎಂದ. ಹಾಗೇ ಬಿಟ್ಟಿದ್ದಾನೆ! ಪ್ರಿಂಟ್ ಬೇಕೆಂದರೆ 6 ಒತ್ತುತ್ತಾನೆ. ಅವನ ಮನೆಗೆ ಹೋದಾಗ ನಾನು ಡಿಸ್ಕ್ ಓಡಿಸಲು 6 ಒತ್ತಿ ಪ್ರಿಂಟರನ್ನು ಎಬ್ಬಿಸುತ್ತೇನೆ. ಅವನು ಪಕ್ಕದಲ್ಲಿ ನಿಂತು ನಗುತ್ತಾನೆ. ಮುಚ್ಚಳ ಮುಚ್ಚಿದ ಮೇಲೆ ಕಾರ್ಡುಗಳ ಅಂದ ಯಾರಿಗೆ ಕಾಣುತ್ತದೆ ಸ್ವಾಮಿ?

ಯಾವ ಕಾರ್ಡ್ ಎಲ್ಲಿಗೆ ಎಂದು ಒಂದು ಸೂತ್ರ ಹೇಳುವವನಿದ್ದೆ. ಪ್ರಿಂಟರಿಗೆ 1, ಮೋಡೆಮ್ಮಿಗೆ 2, ಡಿಸ್ಕಿಗೆ 6. ಇಲ್ಲಿಯವರೆಗೆ ಜಗಳ ಇಲ್ಲ. 4ರ ವಿಷಯಕ್ಕೆ ಬಂದರೆ, ಸೌಂಡ್ ಕಾರ್ಡನ್ನು ಅಲ್ಲಿ ಕೂರಿಸಿ ಮೌಸನ್ನು 5ಕ್ಕೆ ಅಟ್ಟಿದ್ದೇನೆ. ಕೆಲವು ಪ್ರೋಗ್ರಾಂಗಳು ಅದನ್ನು ಹುಡುಕಿಕೊಂಡು ಹೋಗುತ್ತವೆ. ಹುಡುಕಲಾರದ ಸೋಮಾರಿಗಳಿಗೆ ಕೀಬೋರ್ಡೇ ಗತಿ.